ಸಾರ್ಟೆಕ್ಸ್ ಯಂತ್ರದ ಕ್ಯಾಮೆರಾ ಪರೀಕ್ಷೆ

ಕಾಶಿಯಲ್ಲಿ ನಮ್ಮ ಯಾತ್ರಿಕರಿಗೆ ಊಟ ಬಡಿಸುವವರಿಗೂ, ಇಲ್ಲಿ ಹೋಟೆಲ್ ನಡೆಸುವ ನಮಗೂ ಚಿಂತೆ ಒಂದೇ: ಅನ್ನದಲ್ಲಿ ಕಪ್ಪು ಕಾಳು ಸಿಗಬಾರದು. 1997ರಲ್ಲಿ ವಾರಾಣಸಿಯಿಂದ ಬೇರೆಯಾದ ಚಂದೌಲಿ ಜಿಲ್ಲೆಗೆ ಆ ಕಡೆ ‘ಭತ್ತದ ಬಟ್ಟಲು’ ಎಂದೇ ಹೆಸರು. ಅಲ್ಲಿಯ ಅಕ್ಕಿಯಾಗಲಿ, ನಮ್ಮ ಗಂಗಾವತಿಯದಾಗಲಿ, ‘ಸಾರ್ಟೆಕ್ಸ್’ ಎಂದರೆ ಕ್ಯಾಮೆರಾ ನೋಡಿ ಆರಿಸಿದ ಅಕ್ಕಿ. ಜಾರಿ ಬೀಳುವ ಕಾಳಿನ ಬಣ್ಣವನ್ನು ಕ್ಯಾಮೆರಾ ಗುರುತಿಸುತ್ತದೆ. ಕೆಟ್ಟ ಕಾಳನ್ನು ಗಾಳಿ ಊದಿ ಹೊರದಬ್ಬುತ್ತದೆ.

ಆರಿಸುವುದು ತಪ್ಪಿದರೆ ದೋಷ ಎಲ್ಲಿದೆ? ಇಂಥ ಅನೇಕ ಕೈಗಾರಿಕಾ ಕ್ಯಾಮೆರಾಗಳಲ್ಲಿ ತಯಾರಕರೇ ಪರೀಕ್ಷಾ ಚಿತ್ರವೊಂದನ್ನು ಅಳವಡಿಸಿರುತ್ತಾರೆ. ಸಾಮಾನ್ಯವಾಗಿ ಅದು ಕಪ್ಪಿನಿಂದ ಬಿಳಿಗೆ, 0ಯಿಂದ 255ರವರೆಗೆ, ಹಂತಹಂತವಾಗಿ ಏರುವ ಬೂದು ಪಟ್ಟಿ. ಇದು ಲೆನ್ಸಿನ ಮೂಲಕ ಬಂದದ್ದಲ್ಲ, ಕ್ಯಾಮೆರಾದೊಳಗಿನ ಸರ್ಕ್ಯೂಟೇ ರಚಿಸಿದ್ದು.

ಈ ಪಟ್ಟಿಯೇ ಪರದೆಯಲ್ಲಿ ಮುರಿದು ಬಂದರೆ ಮೊದಲು ಕೇಬಲ್, ಕನೆಕ್ಟರ್, ಕಂಪ್ಯೂಟರ್ ನೋಡಬೇಕು. ಪಟ್ಟಿ ಸರಿಯಿದ್ದು ಅಕ್ಕಿಯ ಚಿತ್ರ ಮಾತ್ರ ಮಂಕಾಗಿದ್ದರೆ ಗಾಜಿನ ಮೇಲಿನ ತೌಡಿನ ಧೂಳು, ದೀಪ, ಲೆನ್ಸ್, ಸೆನ್ಸರ್ ಪರಿಶೀಲಿಸಬೇಕು. ಒರೆಸಿದರೆ ಹೋಗುವ ದೋಷಕ್ಕೆ ಹೊಸ ಕ್ಯಾಮೆರಾ ಕೊಂಡರೆ ದುಂದುವೆಚ್ಚ. ಕೊನೆಗೆ ಅದು ನಮ್ಮ ಅಕ್ಕಿಯ ದರಕ್ಕೇ ಸೇರುತ್ತದೆ.

ಎರಡು ಎಚ್ಚರಿಕೆ: ಪರೀಕ್ಷೆ ಮುಗಿದ ಕೂಡಲೇ ಆ ಚಿತ್ರವನ್ನು ಆಫ್ ಮಾಡಬೇಕು, ಇಲ್ಲವಾದರೆ ಯಂತ್ರ ಅಕ್ಕಿಯನ್ನು ನೋಡುವುದೇ ಇಲ್ಲ. ಪಟ್ಟಿ ಸರಿಯಿದ್ದ ಮಾತ್ರಕ್ಕೆ ಅಕ್ಕಿ ಸರಿಯಿದೆ ಎಂದೂ ಅಲ್ಲ. ಗಿರಣಿಯವರು ‘ಕ್ಯಾಮೆರಾ ಹೋಗಿದೆ’ ಎಂದರೆ ಪರೀಕ್ಷಾ ಚಿತ್ರ ನೋಡಿದಿರಾ ಎಂದು ಕೇಳಿ. ಲೋಡ್ ಇಳಿಸುವ ಮುನ್ನ ನಾಲ್ಕಾರು ಮೂಟೆಯ ಅಕ್ಕಿಯನ್ನು ಬಿಳಿ ತಟ್ಟೆಗೆ ಸುರಿದು ಕಣ್ಣಾರೆ ನೋಡಿ.