ಹೊಳೆ ದಾಟುವ ಮುನ್ನ: ಮಳೆಗಾಲದಲ್ಲಿ ಸಣ್ಣ ದೋಣಿಯ ಅಪಾಯ ಅಳೆಯುವ ಬಗೆ

ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಹೊಳೆಸಾಲಿನ ಊರುಗಳಲ್ಲಿ ಪುಷ್ಯ, ಆಶ್ಲೇಷಾ ಮಳೆಗಳೆಂದರೆ ರೈತನಿಗೆ ಎರಡು ಚಿಂತೆ. ಆಚೆ ದಂಡೆಯಲ್ಲಿರುವ ಹೊಲದ ಮೇವು ಈಚೆಗೆ ಬರಬೇಕು. ಹೊಳೆಯ ಪಕ್ಕದಲ್ಲಿ ಕೂಡ್ರಿಸಿದ ನೀರೆತ್ತುವ ಮೋಟಾರು ಮುಳುಗುವ ಮೊದಲು ಮೇಲಕ್ಕೆ ಬರಬೇಕು. ಸೇತುವೆ ಮುಳುಗಿದ್ದರೆ ಉಳಿಯುವ ದಾರಿ ದೋಣಿ ಅಥವಾ ಹರಿಗೋಲು. ಇಂಥ ದಿನಗಳಲ್ಲಿ ಆಗುವ ಅನಾಹುತಗಳಿಗೆ ಈಜು ಬಾರದಿರುವುದೊಂದೇ ಕಾರಣವಲ್ಲ. ದೋಣಿ ಬಿಡಬೇಕೇ ಬೇಡವೇ ಎಂಬುದನ್ನು ದಂಡೆಯ ಮೇಲೆ ನಿಂತು ತೀರ್ಮಾನಿಸದೆ, ನಡುನೀರಿಗೆ ಹೋದ ಮೇಲೆ ಯೋಚಿಸುವುದೇ ಬಹುಪಾಲು ಕಾರಣ.

ನೀರು ಎಲ್ಲಿಂದ ಬರುತ್ತದೆ?

ಕಣ್ಣೆದುರು ಕಾಣುವ ಹೊಳೆ ಈ ಗಳಿಗೆಯ ಹೊಳೆ ಮಾತ್ರ. ದಾಟುವವನಿಗೆ ಬೇಕಾದುದು ಇನ್ನೊಂದು ಗಂಟೆಯ ನಂತರದ ಹೊಳೆ. ಏಕೆಂದರೆ ಹೋದವನು ಮರಳಿ ಬರಬೇಕು. ಘಟಪ್ರಭೆಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. ಇದರ ಸಂಗ್ರಹ ಸಾಮರ್ಥ್ಯ 51 ಟಿ.ಎಂ.ಸಿ., ಪೂರ್ಣ ಮಟ್ಟ 2175 ಅಡಿ. ಜಲಾಶಯ ತುಂಬುವವರೆಗೆ ಅದು ಪ್ರವಾಹವನ್ನು ತಡೆದು ನಿಲ್ಲಿಸುತ್ತದೆ. ತುಂಬುತ್ತ ಬಂದ ಮೇಲೆ ಒಳಬಂದ ನೀರನ್ನು ಹೊರಬಿಡದೆ ಗತ್ಯಂತರವಿಲ್ಲ. 10,000 ಕ್ಯೂಸೆಕ್ ಬಿಡಲಾಗಿದೆ ಎಂದರೆ ಸೆಕೆಂಡಿಗೆ ಸುಮಾರು 2 ಲಕ್ಷ 83 ಸಾವಿರ ಲೀಟರ್ ನೀರು ಹೊಳೆಗೆ ಸೇರುತ್ತಿದೆ ಎಂದು ಅರ್ಥ.

ಜಲಾಶಯದ ಲೆಕ್ಕ ತಿಳಿದರಷ್ಟೇ ಸಾಲದು. ಅಂಬೋಲಿ ಘಟ್ಟದಲ್ಲಿ ಹುಟ್ಟುವ ಹಿರಣ್ಯಕೇಶಿ ಸಂಕೇಶ್ವರದ ಮೇಲೆ ಹಾಯ್ದು, ಹಿಡಕಲ್ ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಅಣೆಕಟ್ಟಿನ ಬಾಗಿಲು ಹಾಕಿದ್ದರೂ ಅಂಬೋಲಿಯ ಮಳೆ ಧುಪದಾಳಕ್ಕೆ ಬಂದೇ ತೀರುತ್ತದೆ. ಮಾರ್ಕಂಡೇಯ ಹೊಳೆ ಗೋಕಾಕದ ಬಳಿ ಕೂಡುತ್ತದೆ. ಊರಲ್ಲಿ ಬಿಸಿಲು ಬಿದ್ದ ದಿನವೂ ಹೊಳೆ ಏರುವುದು ಇದಕ್ಕಾಗಿಯೇ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದ ತಗ್ಗು ಭಾಗಗಳಿಗೆ ನೀರು ನುಗ್ಗಿ, ಲೋಳಸೂರ ಸೇತುವೆ ಮುಳುಗಿದ್ದನ್ನು ಈ ಭಾಗದ ಜನ ಮರೆತಿಲ್ಲ. 2024ರ ಜುಲೈನಲ್ಲಿ ಅದೇ ಸೇತುವೆ ಮತ್ತೆ ನೀರಿನಡಿ ಹೋಯಿತು.

ಆದ್ದರಿಂದ ಮೊದಲ ಕೆಲಸ ಮೇಲಿನ ಸುದ್ದಿ ತಿಳಿಯುವುದು. ಎರಡನೆಯದು ನೀರಿನಂಚಿನಲ್ಲಿ ಒಂದು ಗೂಟ ಹೊಡೆದು ಅರ್ಧ ಗಂಟೆ ಕಾಯುವುದು. ಗೂಟದ ಮೇಲೆ ನೀರು ಏರುತ್ತಿದ್ದರೆ, ಬಣ್ಣ ರಾಡಿಯಾಗಿ ಕಸಕಡ್ಡಿ, ಕಬ್ಬಿನ ರವದಿ, ನೊರೆ ತೇಲಿ ಬರುತ್ತಿದ್ದರೆ ಅಂದು ದೋಣಿ ಬಿಡಬಾರದು. ಅರ್ಧ ಗಂಟೆ ಕಾಯಲು ಪುರುಸೊತ್ತಿಲ್ಲ ಎನ್ನುವವನು ಮೋಟಾರಿಗಾಗಿ ಇಡೀ ದಿನ ಕಾದಿರುತ್ತಾನೆ ಎಂಬುದೂ ನಿಜ.

ಸೆಳವಿನ ಲೆಕ್ಕ

ಹರಿವಿನ ವೇಗ ಇಮ್ಮಡಿಯಾದರೆ ನೀರು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ನಿನ್ನೆಗಿಂತ ಸ್ವಲ್ಪ ಜೋರು ಎಂದು ಕಂಡದ್ದು ಹುಟ್ಟು ಹಾಕುವವನ ತೋಳಿಗೆ ಸ್ವಲ್ಪವಲ್ಲ. ವೇಗ ತಿಳಿಯಲು ಉಪಕರಣ ಬೇಡ. ಒಂದು ಒಣ ಕಣಿಕೆಯನ್ನು ನೀರಿಗೆಸೆದು ಅದರ ಜೊತೆಗೆ ದಂಡೆಯ ಮೇಲೆ ನಡೆಯಬೇಕು. ಬಿರುಸಾಗಿ ನಡೆದರೂ ಕಣಿಕೆ ಮುಂದೆ ಹೋದರೆ, ಕೈಯಿಂದ ಹುಟ್ಟು ಹಾಕುವ ಹರಿಗೋಲು ಆ ಹೊಳೆಗೆ ತಕ್ಕುದಲ್ಲ. ದಂಡೆಯಂಚಿನ ನೀರು ಮೆಲ್ಲಗೆ, ನಡುವಿನ ನೀರು ಜೋರಾಗಿ ಹರಿಯುತ್ತದೆ. ಆದ್ದರಿಂದ ಕಣಿಕೆಯನ್ನು ಸಾಧ್ಯವಾದಷ್ಟು ಒಳಗೆ ಎಸೆಯಬೇಕು.

ಒಂದು ಲೆಕ್ಕ ನೋಡಬಹುದು. ಹೊಳೆಯ ಅಗಲ 150 ಮೀಟರ್, ಹರಿಗೋಲು ಅಡ್ಡ ಸಾಗುವ ವೇಗ ಸೆಕೆಂಡಿಗೆ ಅರ್ಧ ಮೀಟರ್, ಹರಿವು ಸೆಕೆಂಡಿಗೆ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ದಾಟಲು ಐದು ನಿಮಿಷ ಬೇಕು. ಅಷ್ಟರಲ್ಲಿ ಹರಿಗೋಲು 450 ಮೀಟರ್ ಕೆಳಗೆ ಜಾರಿರುತ್ತದೆ. ಆ 450 ಮೀಟರಿನಲ್ಲಿ ಏನಿದೆ ಎಂಬುದೇ ಮುಖ್ಯ ಪ್ರಶ್ನೆ. ಮುಳುಗಿದ ಸೇತುವೆ ಇದ್ದರೆ ದೋಣಿ ಅದರ ಕಂಬಕ್ಕೆ ಒತ್ತಿ ನಿಂತು ಮಗುಚುತ್ತದೆ. ಬಾಂದಾರ ಇದ್ದರೆ ಅದರ ಕೆಳಗಿನ ಸುಳಿ ಮುಳುಗಿದವನನ್ನು ಹೊರಗೆ ಬಿಡದೆ ತಿರುಗಿಸುತ್ತದೆ. ನುರಿತ ಈಜುಗಾರನಿಗೂ ಅಲ್ಲಿಂದ ಬಿಡುಗಡೆ ಕಷ್ಟ. ಧುಪದಾಳದ ಒಡ್ಡಿನ ಮೇಲ್ಭಾಗದಲ್ಲಿ, ಮತ್ತು ಸುಮಾರು 52 ಮೀಟರ್ ಧುಮ್ಮಿಕ್ಕುವ ಗೋಕಾಕ ಜಲಪಾತದ ಮೇಲಿನ ಹರಿವಿನಲ್ಲಿ ಮಳೆಗಾಲದಲ್ಲಿ ದೋಣಿಯ ಮಾತೇ ಬೇಡ.

ಗಾಳಿ ಮತ್ತು ಜಲಾಶಯದ ತೆರೆ

ಹಿಡಕಲ್ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಸೆಳವಿಗಿಂತ ಗಾಳಿಯ ಭಯ ಹೆಚ್ಚು. ಮಳೆಗಾಲದ ಗಾಳಿ ಪಡುವಣ ದಿಕ್ಕಿನಿಂದ ಬೀಸುತ್ತದೆ. ಪಶ್ಚಿಮದ ದಂಡೆಯಲ್ಲಿ ನಿಂತವನಿಗೆ ನೀರು ಶಾಂತವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ತೆರೆ ಇನ್ನೂ ಬೆಳೆದಿರುವುದಿಲ್ಲ. ಗಾಳಿ ನೀರಿನ ಮೇಲೆ ದೂರ ಸಾಗಿದಷ್ಟೂ ತೆರೆ ಎತ್ತರವಾಗುತ್ತದೆ. ಗಾಳಿಯ ಬೆನ್ನಿಗೆ ಹೋಗುವುದು ಸುಲಭ. ನಡುನೀರಿನಲ್ಲಿ ತೆರೆ ಎದ್ದಾಗ ಹಿಂದಿರುಗಬೇಕಾದುದು ಅದೇ ಗಾಳಿಗೆ ಎದುರಾಗಿ. ಆದಕಾರಣ ಹೊರಡುವ ದಂಡೆಯ ನೀರನ್ನು ನೋಡಿ ತೀರ್ಮಾನಿಸದೆ, ದೂರದ ನಡುನೀರಿನಲ್ಲಿ ಬಿಳಿ ನೊರೆಯ ತಲೆಗಳು ಕಾಣುತ್ತವೆಯೇ ಎಂದು ನೋಡಬೇಕು. ಕಂಡರೆ ಬಲೆ ಅಂದು ದಂಡೆಯಲ್ಲಿರಲಿ.

ಹೇರು

ಹೇರು ತುಂಬಿದ ಮೇಲೆ ದೋಣಿಯ ಅಂಚು ನೀರಿನಿಂದ ಕನಿಷ್ಠ ಒಂದು ಗೇಣು ಮೇಲಿರಬೇಕು. ತೆರೆ ಇದ್ದರೆ ಅದೂ ಸಾಲದು. ಮೇವಿನ ಹೊರೆಯನ್ನು ಎತ್ತರಕ್ಕೆ ಒಟ್ಟಿದರೆ ಅದು ಗಾಳಿಗೆ ಗೋಡೆಯಂತೆ ನಿಲ್ಲುತ್ತದೆ; ಮಳೆಯಲ್ಲಿ ನೆನೆದು ತೂಕವೂ ಹೆಚ್ಚುತ್ತದೆ. ಮೋಟಾರನ್ನು ತರುವುದಿದ್ದರೆ ತಳದ ನಡುವೆ ಇಟ್ಟು ಉರುಳದಂತೆ ಕಟ್ಟಬೇಕು, ಆ ಸರದಿಗೆ ಒಬ್ಬ ಆಳನ್ನು ಕಡಿಮೆ ಮಾಡಬೇಕು. ಜನ ಕುಳಿತೇ ಇರಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅದರಲ್ಲಿ ಮಿತಿ ಮೀರಿ ಜನ ಹತ್ತಿದ್ದರು.

ಥಂಡಿ ಮಾಡುವ ಕೆಡುಕು

ಈ ಸೀಮೆಯ ನೀರು ಹಿಮದ ನೀರಲ್ಲ ಎಂಬ ಧೈರ್ಯ ಅನೇಕರಿಗಿದೆ. ಹಿಮಗಡ್ಡೆಯಂಥ ನೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಕೆಲಸ ಮಾಡುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಒಂದು ಗಂಟೆ ಎಂದು ಕೆನಡಾ ದೇಶದಲ್ಲಿ ಕಲಿಸುತ್ತಾರೆ. ಘಟಪ್ರಭೆಯಲ್ಲಿ ಅಷ್ಟು ಬೇಗ ಹಾಗಾಗದು. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಹೀರುತ್ತದೆ. ಬೆಳಗಿನಿಂದ ಜಿಟಿಜಿಟಿ ಮಳೆಯಲ್ಲಿ ನೆನೆದು, ಪಡುವಣ ಗಾಳಿಗೆ ಒಡ್ಡಿಕೊಂಡು, ಹಸಿದ ಹೊಟ್ಟೆಯಲ್ಲಿ ಹುಟ್ಟು ಹಿಡಿದವನ ಬೆರಳು ನೀರಿಗೆ ಬೀಳುವ ಮೊದಲೇ ಮರಗಟ್ಟಿರುತ್ತವೆ. ಹಗ್ಗದ ಗಂಟು ಬಿಚ್ಚಲಾಗದು, ಮಾತು ತೊದಲುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ತಡವರಿಸುವವನನ್ನು ದೋಣಿಗೆ ಹತ್ತಿಸಬಾರದು. ನಡುಕ ತಡೆಯಲು ಸೆರೆ ಕುಡಿಯುವ ರೂಢಿ ಕೆಲವೆಡೆ ಇದೆ. ಅದು ಚರ್ಮಕ್ಕೆ ಬಿಸಿ ತೋರಿಸಿ ಒಳಗಿನ ಕಾವನ್ನು ಹೊರಹಾಕುತ್ತದೆ, ಜೊತೆಗೆ ವಿವೇಚನೆಯನ್ನೂ ಕೆಡಿಸುತ್ತದೆ.

ಅಂಬಿಗನ ಮಾತು

“ನಿನ್ನೆ ದಾಟಿಸಿದೆಲ್ಲೋ ಅಣ್ಣಾ, ಇವತ್ತೇನಾತು?” ಎಂದು ಅಂಬಿಗನನ್ನು ಒತ್ತಾಯಿಸುವುದು ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತದೆ. ನಿನ್ನೆ ಪಾರಾದದ್ದು ಅಂದಾಜು ಸರಿಯಾಗಿದ್ದುದರಿಂದಲೋ ಅದೃಷ್ಟದಿಂದಲೋ ಎಂಬುದು ದಾಟಿದವನಿಗೆ ಗೊತ್ತಾಗುವುದಿಲ್ಲ. ಹತ್ತು ಸಲ ಹೀಗೆ ದಾಟಿದವನಲ್ಲಿ ಧೈರ್ಯ ಬೆಳೆದಿರುತ್ತದೆ, ಹೊಳೆ ಮಾತ್ರ ಬದಲಾಗಿರುವುದಿಲ್ಲ. ಇನ್ನು ರಕ್ಷಣೆಗೆ ಬರುವವರಿಗೂ ಅದೇ ನೀರು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆಯ ವಿರೂಪಾಪುರಗಡ್ಡೆಯಲ್ಲಿ ತರಬೇತಿ ಪಡೆದ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿತ್ತು. ಕೊಚ್ಚಿಹೋದವರು ಪ್ರಯಾಸದಿಂದ ಪಾರಾದರು. ಅಂಬಿಗ ಬೇಡವೆಂದರೆ ಮಾತು ಅಲ್ಲಿಗೇ ಮುಗಿಯಬೇಕು. ದೋಣಿ ಸಿಗಲಿಲ್ಲವೆಂದು ಮುಳುಗಿದ ಸೇತುವೆಯ ಮೇಲೆ ಟ್ರ್ಯಾಕ್ಟರ್ ಹೊಡೆಯುವುದು ಇನ್ನೂ ಕೆಟ್ಟದ್ದು. ಮೂಡಲಗಿ ತಾಲ್ಲೂಕಿನ ಅವರಾದಿ ಬಳಿ 2024ರ ಜೂನ್‌ನಲ್ಲಿ ಕೂಲಿಗಾರರಿದ್ದ ಟ್ರ್ಯಾಕ್ಟರ್ ಘಟಪ್ರಭೆಗೆ ಬಿದ್ದುದು ಇದಕ್ಕೆ ಸಾಕ್ಷಿ.

ದಾಟಲೇಬೇಕಾದಾಗ

ಪ್ರತಿಯೊಬ್ಬರಿಗೂ ತೇಲುವ ಸಾಧನ ಮೈಗೆ ಕಟ್ಟಿರಬೇಕು. ದೋಣಿಯಲ್ಲಿ ಬಿದ್ದಿದ್ದರೆ ಪ್ರಯೋಜನವಿಲ್ಲ. ಜೀವರಕ್ಷಕ ಅಂಗಿ ಉತ್ತಮ. ಅದಿಲ್ಲದಾಗ ಬಿರಡೆ ಬಿಗಿದ ಹತ್ತು ಲೀಟರಿನ ಖಾಲಿ ಕ್ಯಾನು ಸುಮಾರು ಹತ್ತು ಕಿಲೋ ಭಾರವನ್ನು ತೇಲಿಸುತ್ತದೆ. ತಲೆ ನೀರಿನ ಮೇಲಿರಲು ಅಷ್ಟು ಆಸರೆ ಸಾಕು. ಇಳಿಯಬೇಕಾದ ಸ್ಥಳಕ್ಕಿಂತ ಸಾಕಷ್ಟು ಮೇಲಿನಿಂದ ಹೊರಟು, ದೋಣಿಯ ಮುಖವನ್ನು ಹರಿವಿಗೆ ಓರೆಯಾಗಿ ಮೇಲಕ್ಕೆ ಹಿಡಿಯಬೇಕು. ದಂಡೆಯ ಮೇಲೆ ಹಗ್ಗ ಹಿಡಿದು ಒಬ್ಬ ಕೆಳಭಾಗದಲ್ಲಿ ನಿಂತಿರಬೇಕು.

ಮಗುಚಿದರೆ ದೋಣಿಯನ್ನು ಬಿಟ್ಟು ಈಜಬಾರದು, ಅದನ್ನೇ ಹಿಡಿದಿರಬೇಕು. ಆದರೆ ಮುಂದೆ ಕಂಬವೋ ಬಾಂದಾರವೋ ಇದ್ದರೆ ಅದರಿಂದ ಸರಿದು, ಬೆನ್ನ ಮೇಲೆ ತೇಲುತ್ತ, ಕಾಲು ಹರಿವಿನ ಕಡೆಗೆ ಚಾಚಿ ಓರೆಯಾಗಿ ದಂಡೆಗೆ ಸೇರಲು ಯತ್ನಿಸಬೇಕು. ಮೇಲೆ ಬಂದವನ ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಹೊದಿಸಬೇಕು. ಕೈಕಾಲು ಉಜ್ಜಬಾರದು. ಎಚ್ಚರವಿದ್ದರೆ ಬೆಲ್ಲದ ಬಿಸಿ ಚಹಾ ಕೊಡಬಹುದು. ಆಚೆ ದಂಡೆಯಲ್ಲಿ ಜನ ಸಿಕ್ಕಿಬಿದ್ದಿದ್ದರೆ 112ಕ್ಕೆ ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಬೇಕು. ಮೋಟಾರಿನ ವಿಷಯದಲ್ಲಾದರೆ, ಮೃಗಶಿರಾ ಮಳೆ ಬೀಳುವ ಹೊತ್ತಿಗೇ ಅದನ್ನು ಹಿಂದಿನ ವರ್ಷದ ನೀರಿನ ಗುರುತಿಗಿಂತ ಮೇಲೆ ಒಯ್ದು ಇಡುವುದು ಒಂದು ದಿನದ ಕೆಲಸ.