ಎರಡು ಕೈ ಬೇಕಾಗುವ ಮಾತು

ಸ್ಟಾಕ್‌ಹೋಮಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಸುಮಾರು ಎರಡು ತಾಸಿನ ದಾರಿ, ಓರೆಬ್ರೂ. ಊರಿನ ನಡುವೆ ಸ್ವಾರ್ಟೋನ್ ಹೊಳೆ, ಹೊಳೆಯ ನಡುಗಡ್ಡೆಯ ಮೇಲೆ ದುಂಡು ಗೋಪುರಗಳ ಹಳೆಯ ಕೋಟೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಬೆಳಕು ಸೋರಿಹೋಗುತ್ತದೆ. ತರಗತಿ ಬಿಟ್ಟ ಹುಡುಗ ಹುಡುಗಿಯರು ಬಸ್ ನಿಲ್ದಾಣಕ್ಕೆ ಬರುತ್ತಾರೆ. ಆ ಕೊರೆಯುವ ಚಳಿಯಲ್ಲೂ ಕೈಗವಸು ಬಿಚ್ಚಿ ಜೇಬಿಗೆ ತುರುಕುತ್ತಾರೆ, ಬೀದಿದೀಪದ ಕೆಳಗೇ ಗುಂಪುಗೂಡುತ್ತಾರೆ. ಬೆರಳು ಬರಿದಾಗಿರದಿದ್ದರೆ ಮಾತು ತೊದಲುತ್ತದೆ, ಬೆಳಕಿಲ್ಲದಿದ್ದರೆ ಮಾತೇ ಇಲ್ಲ. ಕಿವುಡ ವಿದ್ಯಾರ್ಥಿಗಳಿಗಾಗಿ ಇರುವ ರಾಷ್ಟ್ರೀಯ ಪ್ರೌಢಶಾಲೆ ಈ ಊರಿನಲ್ಲಿದೆ, ಚಿಕ್ಕ ಮಕ್ಕಳಿಗೆ ಬಿರ್ಗಿಟ್ಟಾ ಶಾಲೆಯಿದೆ. ದೇಶದ ಮೂಲೆ ಮೂಲೆಯಿಂದ ಮಕ್ಕಳು ಇಲ್ಲಿಗೆ ಬಂದು ಓದುತ್ತಾರೆ. ಕೈ ಆಡಿಸಿ ಮಾತಾಡುವವರನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಅವರು ಮೊಬೈಲ್ ಹಿಡಿಯುವ ರೀತಿಯನ್ನು ಗಮನಿಸಬೇಕು. ಕಿವಿಗೆ ಒತ್ತಿಕೊಳ್ಳುವವರಿಲ್ಲ. ಎಡಗೈಯನ್ನು ಮುಂದಕ್ಕೆ ಚಾಚಿ, ಮುಖದಿಂದ ಸೊಂಟದವರೆಗೆ ಪರದೆಯೊಳಗೆ ಬರುವ ಹಾಗೆ ಫೋನನ್ನು ಓರೆ ಮಾಡಿ, ಬಲಗೈ ಒಂದರಲ್ಲೇ ಸಂಜ್ಞೆ ಮಾಡುತ್ತಾರೆ. ಎರಡು ಕೈ ಬೇಕಾದ ಮಾತು ಒಂದು ಕೈಯಲ್ಲಿ ಅರ್ಧವಾಗಿ ಹೊರಡುತ್ತದೆ; ಅತ್ತ ಕಡೆಯ ಗೆಳತಿ ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಾಳೆ. ಕೆಫೆಯೊಳಗೆ ಹೋದರೆ ಮೊದಲ ಕೆಲಸ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸುವುದು. ಆಗ ಎರಡೂ ಕೈ ಬಿಡುವಾಗುತ್ತವೆ, ಹುಬ್ಬು ಏರುತ್ತದೆ, ಭುಜ ತಿರುಗುತ್ತದೆ, ಮಾತಿಗೆ ಜೀವ ಬರುತ್ತದೆ.

ಕಿವುಡರಿಗಾಗಿ ಆ್ಯಪ್ ಕಟ್ಟುವವರು ಈ ದೃಶ್ಯದಿಂದ ಶುರುಮಾಡಬೇಕೆಂದು ನನ್ನ ನಂಬಿಕೆ. ಒಂದು ಕೈ ಹಿಡಿದು, ಇನ್ನೊಂದರ ಹೆಬ್ಬೆರಳು ಒತ್ತುತ್ತದೆ ಎಂದುಕೊಂಡು ಮಾಡಿದ ಯಂತ್ರ ಈ ಸ್ಮಾರ್ಟ್‌ಫೋನ್. ಮಾತಿನ ನಡುವೆ ಗುಂಡಿ ಒತ್ತಿಸಿದರೆ ಇವರ ವಾಕ್ಯ ಕತ್ತರಿಸಿದಂತೆ. ವೀಡಿಯೊ ತಡವರಿಸಿದರೂ ಅಷ್ಟೇ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1999ರಲ್ಲೇ ಇದಕ್ಕೊಂದು ಅಳತೆ ಕೊಟ್ಟಿತು: ಸೆಕೆಂಡಿಗೆ 20 ಚಿತ್ರಗಳಾದರೂ ಹರಿಯಬೇಕು, 12ಕ್ಕಿಂತ ಇಳಿದರೆ ಬೆರಳುಗಳು ಕಲಸಿಹೋಗುತ್ತವೆ. ಕೇಳುವವರಿಗೆ ಚಿತ್ರ ಹೆಪ್ಪುಗಟ್ಟಿದರೂ ದನಿ ಬರುತ್ತಿರುತ್ತದೆ. ಇವರಿಗೆ ಚಿತ್ರ ನಿಂತರೆ ಮಾತೇ ನಿಂತಿತು. ಸ್ವೀಡನ್ನಿನಲ್ಲಿ 2003ರ ಹೊತ್ತಿಗೆ 3ಜಿ ಜಾಲ ಬಂದು ವೀಡಿಯೊ ಕರೆಯನ್ನು ಮಾರಲು ಹೊರಟಾಗ ಸಾಮಾನ್ಯ ಗ್ರಾಹಕರು ಅದನ್ನು ಹೆಚ್ಚು ಹಚ್ಚಿಕೊಳ್ಳಲಿಲ್ಲ. ಆದರೆ ಕಿವುಡರಿಗೆ ರಸ್ತೆಯಲ್ಲಿ ನಿಂತು ತಮ್ಮದೇ ಭಾಷೆಯಲ್ಲಿ ಫೋನ್ ಮಾಡುವ ದಾರಿ ಅಲ್ಲಿ ತೆರೆಯಿತು.

ಆದರೆ ದಾರಿ ಅದಕ್ಕಿಂತ ಹಿಂದೆಯೇ ಸಿದ್ಧವಾಗಿತ್ತು. 1981ರ ಮೇ ತಿಂಗಳಲ್ಲಿ ಸ್ವೀಡನ್ನಿನ ಸಂಸತ್ತು, ಕಿವುಡರಿಗೆ ಸಂಜ್ಞಾ ಭಾಷೆ ಮತ್ತು ಸ್ವೀಡಿಷ್ ಎರಡೂ ಬೇಕು ಎಂದು ಒಪ್ಪಿಕೊಂಡಿತು. ಸಂಜ್ಞಾ ಭಾಷೆಗೆ ಇಂಥ ಮನ್ನಣೆ ಕೊಟ್ಟ ಮೊದಲ ದೇಶ ಸ್ವೀಡನ್ ಆಯಿತು. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಬ್ರಿಟಾ ಬರ್ಗ್‌ಮನ್ ಸಂಜ್ಞಾ ಭಾಷೆಯ ಪ್ರಾಧ್ಯಾಪಕರಾದರು, ಅದೂ ಜಗತ್ತಿನಲ್ಲೇ ಮೊದಲು. 2009ರ ಭಾಷಾ ಕಾಯ್ದೆಯಲ್ಲೂ ಅದರ ಹೆಸರಿದೆ. ಭಾಷೆ ಅಂತ ಒಪ್ಪಿದ ಮೇಲೆ ಅದಕ್ಕೆ ದುಭಾಷಿ ಬೇಕು, ನಿಘಂಟು ಬೇಕು, ಫೋನೂ ಬೇಕು. ಅಲ್ಲಿ ಆ್ಯಪ್‌ಗಳು ಬಂದದ್ದು ಈ ಕ್ರಮದಲ್ಲಿ.

ದುಭಾಷಿ ಸೇವೆಯ ಆ್ಯಪ್ ಕೆಲಸ ಮಾಡುವುದು ಹೀಗೆ. ಕಿವುಡ ತಾಯಿ ಮಗುವಿನ ಶಾಲೆಗೆ ಕರೆ ಮಾಡಬೇಕು. ಆ್ಯಪ್ ತೆರೆಯುತ್ತಾಳೆ, ಪರದೆಯಲ್ಲಿ ದುಭಾಷಿಯ ಮುಖ ಮೂಡುತ್ತದೆ. ಅವಳ ಕೈ ನೋಡಿ ಅವರು ಶಾಲೆಯವರೊಂದಿಗೆ ಸ್ವೀಡಿಷ್‌ನಲ್ಲಿ ಮಾತಾಡುತ್ತಾರೆ, ಅಲ್ಲಿಂದ ಬಂದ ಉತ್ತರವನ್ನು ಕೈಯಲ್ಲಿ ಹೇಳುತ್ತಾರೆ. ಕೇಳುವವರೂ ಇದೇ ಸೇವೆಯ ಮೂಲಕ ಕಿವುಡರಿಗೆ ಕರೆ ಮಾಡಬಹುದು. ದುಭಾಷಿಯ ಖರ್ಚು ಸರ್ಕಾರದ್ದು. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಯಂತ್ರದ ದನಿ ಎದುರಾದಾಗ ಮಾತ್ರ ತೊಡಕು: ದುಭಾಷಿ ಆಯ್ಕೆಗಳನ್ನು ಸಂಜ್ಞೆಗೆ ತರುವಷ್ಟರಲ್ಲಿ ಸಮಯ ಮುಗಿದು ಕರೆ ಕಡಿಯಬಹುದು. ಇದನ್ನು ಸರಿಪಡಿಸಬೇಕಾದವರು ಕಿವುಡರ ಆ್ಯಪ್ ಮಾಡುವವರಲ್ಲ, ಆಸ್ಪತ್ರೆ, ಬ್ಯಾಂಕುಗಳ ಫೋನ್ ವ್ಯವಸ್ಥೆ ಮಾಡುವವರು.

ಶ್ರವಣದೋಷವುಳ್ಳ ಎಲ್ಲರಿಗೂ ಸಂಜ್ಞಾ ಭಾಷೆ ಬರುವುದಿಲ್ಲ. ನಡುವಯಸ್ಸು ದಾಟಿ ಕಿವಿ ಮಂದವಾದವರಿಗೆ ಬೇಕಾದದ್ದು ಬರಹ. ಅವರಿಗಾಗಿ ದುಡಿದವರಲ್ಲಿ ಸ್ವೀಡನ್ನಿನ ಎಂಜಿನಿಯರ್ ಗುನ್ನಾರ್ ಹೆಲ್‌ಸ್ಟ್ರೋಮ್ ಮುಖ್ಯರು. ಸಂದೇಶ ಪೂರ್ತಿ ಬರೆದು ಕಳಿಸುವವರೆಗೆ ಕಾಯದೆ, ಅಕ್ಷರ ಒತ್ತಿದ ಹಾಗೆ ಅತ್ತ ಕಡೆ ಮೂಡುವ ‘ತತ್‌ಕ್ಷಣದ ಬರಹ’ಕ್ಕೆ 2005ರಲ್ಲಿ ಅಂತರ್ಜಾಲದ ಮಾನದಂಡ ಬಂದಾಗ ಅದನ್ನು ಬರೆದ ಇಬ್ಬರಲ್ಲಿ ಅವರೊಬ್ಬರು. ಅಕ್ಷರಗಳನ್ನು ಅರ್ಧ ಸೆಕೆಂಡಿಗಿಂತ ಹೆಚ್ಚು ತಡೆದಿಡಬೇಡಿ ಎನ್ನುತ್ತದೆ ಆ ಕಡತ. ಮನೆಗೆ ಬೆಂಕಿ ಬಿದ್ದವನು ವಿಳಾಸದ ಮೊದಲ ಸಾಲು ಬರೆಯುತ್ತಿರುವಾಗಲೇ ಅತ್ತ ಕಡೆಯವರು ಅದನ್ನು ಓದುತ್ತಿರುತ್ತಾರೆ, ಅರ್ಧಕ್ಕೆ ನಿಂತ ಬರಹವೂ ಸುಳಿವು ಕೊಡುತ್ತದೆ. ಸ್ವೀಡನ್ನಿನಲ್ಲಿ 112ಕ್ಕೆ ಎಸ್ಸೆಮ್ಮೆಸ್ ಕಳಿಸುವ ಸೌಲಭ್ಯವೂ ಇದೆ, ಆದರೆ ಮೊದಲೇ ಹೆಸರು ನೋಂದಾಯಿಸಿರಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಜ್ಞಾ ನಿಘಂಟು. ಸಾವಿರಾರು ಸಂಜ್ಞೆಗಳು ಪುಟ್ಟ ಪುಟ್ಟ ಚಲನಚಿತ್ರಗಳಾಗಿ ಅದರೊಳಗಿವೆ, ಮೊಬೈಲಿನಲ್ಲೂ ಸಿಗುತ್ತವೆ. ಸ್ವೀಡಿಷ್ ಪದ ಕೊಟ್ಟು ಹುಡುಕಬಹುದು. ಪದವೇ ಗೊತ್ತಿಲ್ಲದಿದ್ದರೆ? ಕಂಡ ಕೈಯ ಆಕಾರ ಯಾವುದು, ಒಂದು ಕೈಯೋ ಎರಡೋ, ಹಣೆಯ ಬಳಿಯೋ ಎದೆಯ ಬಳಿಯೋ ಎಂದು ಆರಿಸುತ್ತಾ ಹೋದರೆ ಸಂಜ್ಞೆ ತಾನಾಗಿ ಎದುರು ಬರುತ್ತದೆ. ಅಕಾರಾದಿಯ ಹಂಗಿಲ್ಲದ ಈ ಹುಡುಕಾಟ ಕೈಯಿಂದಲೇ ಭಾಷೆ ಕಲಿತ ಮಗುವಿಗೆ ಸಹಜ.

ನಮ್ಮಲ್ಲೂ ಕೆಲಸ ಶುರುವಾಗಿದೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ 10,000 ಪದಗಳ ನಿಘಂಟು 2022ರಲ್ಲಿ ‘ಸೈನ್ ಲರ್ನ್’ ಎಂಬ ಆ್ಯಪ್ ಆಯಿತು. ಬಿಡುಗಡೆಯಾದಾಗ ಅದರಲ್ಲಿ ಹಿಂದಿ ಇಲ್ಲವೆ ಇಂಗ್ಲಿಷ್ ಪದ ಬರೆದು ಹುಡುಕಬೇಕಿತ್ತು. ಭಾರತೀಯ ಸಂಜ್ಞಾ ಭಾಷೆಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇನ್ನೂ ಜಾಗವಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಹಿರಿಯ ಸಂಸ್ಥೆ, ಬೆಂಗಳೂರಿನ ತುಂಬ ಎಂಜಿನಿಯರುಗಳು ಇರುವ ಈ ನಾಡಿನಲ್ಲಿ ಕೈಯ ಆಕಾರ ಕೊಟ್ಟರೆ ಕನ್ನಡ ಪದ ತೋರಿಸುವ ಒಂದು ನಿಘಂಟು ಆಗಬೇಕು. ಕಲಬುರಗಿಯ ಕಿವುಡ ಹುಡುಗಿ ಮತ್ತು ಸಂಜ್ಞೆ ಬಾರದ ಅವಳ ಅಮ್ಮ ಅಕ್ಕಪಕ್ಕ ಕೂತು ಅದನ್ನು ತೆರೆಯುವಂತಿರಬೇಕು. ಅದನ್ನು ಕಟ್ಟುವ ತಂಡದಲ್ಲಿ ಮೊದಲ ಕುರ್ಚಿ ಕಿವುಡರಿಗೆ ಮೀಸಲಾಗಿರಲಿ.