ವಾಂತಿಗೆ ಕಾರಣ ಘಟ್ಟದ ತಿರುವೋ, ಸೈಲೆನ್ಸರ್ ಹೊಗೆಯೋ?

ಮೂಡಿಗೆರೆಯಿಂದ ಕಳಸದ ಕಡೆಗೋ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಟ್ಟಕ್ಕೋ ಜೀಪಿನಲ್ಲಿ ಹೊರಟಾಗ ಮಕ್ಕಳಿಗೆ ವಾಂತಿಯಾದರೆ ನಾವು ದೂರುವುದು ರಸ್ತೆಯ ತಿರುವುಗಳನ್ನು. ನಿಂಬೆಹಣ್ಣು ಮೂಸಲು ಕೊಟ್ಟು, ಕಣ್ಣು ಮುಚ್ಚಿ ಮಲಗು ಅನ್ನುತ್ತೇವೆ. ಹೆಚ್ಚಿನ ಸಲ ಕಾರಣ ಅದೇ ನಿಜ. ಆದರೆ ಒಳಗಿದ್ದವರಿಗೆಲ್ಲ ಒಟ್ಟಿಗೇ ತಲೆನೋವು, ಮಂಪರು ಬಂದು, ಕೆಳಗಿಳಿದು ಗಾಳಿಗೆ ನಿಂತ ಮೇಲೆ ಹಗುರವೆನಿಸಿದರೆ ಗಾಡಿಯ ಹೊಗೆಕೊಳವೆಯ ಮೇಲೆ ಅನುಮಾನ ಪಡಬೇಕು.

ಇಂಜಿನ್ನಿನ ಹೊಗೆ ಕೊಳವೆಗಳನ್ನು ಹಾದು, ಸೈಲೆನ್ಸರ್ ಮೂಲಕ ಹೊರಬೀಳುತ್ತದೆ. ಕೊಳವೆಗಳು ಸೇರುವಲ್ಲಿ ಕ್ಲಾಂಪ್ ಇರುತ್ತದೆ. ಇಲ್ಲವೇ ನಡುವೆ ಗ್ಯಾಸ್ಕೆಟ್ ಇಟ್ಟು ಬೋಲ್ಟು ಬಿಗಿದಿರುತ್ತಾರೆ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಮಾಡುವ ಕೆಲಸವೇ ಅದರದ್ದೂ. ಅಷ್ಟು ಬಿಸಿ ತಡೆಯಬೇಕಾದ್ದರಿಂದ ರಬ್ಬರಿನದ್ದಲ್ಲ, ಅಷ್ಟೇ. ತೋಟದ ದಾರಿಯ ಕುಲುಕಾಟಕ್ಕೆ ಬೋಲ್ಟು ಸಡಿಲವಾಗುತ್ತದೆ, ಮಳೆಗಾಲದ ಕೆಸರಿಗೆ ಕೊಳವೆ ತುಕ್ಕು ಹಿಡಿಯುತ್ತದೆ. ಆಗ ಹೊಗೆ ಗಾಡಿಯ ಅಡಿಯಲ್ಲೇ ಸೋರಿ, ಸಂದಿಗಳಿಂದ ಒಳಗೆ ಬರುತ್ತದೆ.

ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಪೆಟ್ರೋಲ್ ಗಾಡಿಯಲ್ಲಿ ಇದು ಜಾಸ್ತಿ. ಹಾಗಂತ ಡೀಸೆಲ್ ಹೊಗೆಯೇನೂ ಒಳ್ಳೆಯದಲ್ಲ.

ಇನ್ನೊಂದು ತೊಂದರೆ, ದಾರಿ ಕಟ್ಟಿಕೊಳ್ಳುವುದು. ಊದುಗೊಳವೆಯಲ್ಲಿ ಬೂದಿ ತುಂಬಿದರೆ ಎಷ್ಟು ಊದಿದರೂ ಒಲೆ ಹೊತ್ತೀತೇ? ಕೊಳವೆ ಕಲ್ಲಿಗೆ ಬಡಿದು ನೆಗ್ಗಿದ್ದರೆ, ರಿಪೇರಿಯಲ್ಲಿ ಸಣ್ಣ ಅಳತೆಯ ತುಂಡು ಬೆಸೆದಿದ್ದರೆ, ಹಳೇ ಹೊಗೆ ಸರಿಯಾಗಿ ಹೊರಹೋಗದು, ಹೊಸ ಗಾಳಿ ಸಾಕಷ್ಟು ಒಳಬಾರದು. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ. ತಡೆ ಹೆಚ್ಚಿದಷ್ಟೂ ಸಡಿಲ ಜೋಡಣೆಯಲ್ಲಿ ಸೋರಿಕೆಯೂ ಹೆಚ್ಚು. ಬೇಸಿಗೆಯ ಧೂಳು ತುಂಬಿದ ಏರ್ ಫಿಲ್ಟರ್ ಕೂಡ ಇಂಜಿನ್ನಿಗೆ ಉಸಿರು ಕಟ್ಟಿಸುತ್ತದೆ.

ಗೃಹಿಣಿಯರು ಗಮನಿಸಬೇಕಾದ್ದು ಇಷ್ಟು:

• ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಅಡಿಯಿಂದ ‘ಟಪ್ ಟಪ್’ ಸದ್ದು, ಜೋಡಣೆಯ ಸುತ್ತ ಕರಿಮಸಿ ಕಂಡರೆ ಸೋರಿಕೆ ಇದೆಯೆಂದೇ ತಿಳಿಯಿರಿ.

• ಜೋಡಣೆ ಬಿಚ್ಚಿದರೆ ಹೊಸ ಗ್ಯಾಸ್ಕೆಟ್ಟನ್ನೇ ಹಾಕಿಸಿ. ಕೊಳವೆ ಮೊದಲಿನ ಅಳತೆಯದ್ದೇ ಇರಲಿ.

• ಮಳೆಯೆಂದು ಜೀಪಿನ ಪಕ್ಕದ ಪರದೆ ಇಳಿಸಿ, ಹಿಂಭಾಗ ಮಾತ್ರ ತೆರೆದಿಡಬೇಡಿ; ಹೊರಬಿದ್ದ ಹೊಗೆ ತಿರುಗಿ ಒಳಗೇ ಬರುತ್ತದೆ.

• ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಲೇಬೇಡಿ.

• ಯಾರಿಗಾದರೂ ಮಂಪರು ಕವಿದರೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಎಲ್ಲರನ್ನೂ ಹೊರಗೆ ಕರೆತನ್ನಿ. ತಡಮಾಡದೆ, ಬೇರೆ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ.

ಗಾಡಿ ಓಡಿಸುವವರು ಯಜಮಾನರೇ ಇರಲಿ, ನೀವೇ ಇರಲಿ, ಮಳೆಗಾಲ ಕಾಲಿಡುವ ಮೊದಲು ಒಮ್ಮೆ ಅಡಿಯ ಕೊಳವೆಗಳನ್ನೆಲ್ಲ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ.